ಬಿತ್ತನೆ ರಾಗಿ ಬೀಸಿದ ತಾಯಿ

ಹಿರೇಕೊಳ್ಳದ ಪೂಜ್ಯ ಸಂಗವ್ವ ತಾಯಿಯವರ ಮಠವೆಂದರೆ ಗೋಪುರವಿಲ್ಲ, ಗದ್ದುಗೆಯಿಲ್ಲ. ಒಂದಂಕಣದ ಮಣ್ಣಿನ ಮಾಳಿಗೆ, ಅದರೊಳಗೊಂದು ಬೀಸುವ ಕಲ್ಲು. ಊರವರ ಜೋಳ ಬೀಸಿಕೊಟ್ಟು, ಅವರು ಕೊಟ್ಟ ಹಿಡಿ ಹಿಟ್ಟಿನಲ್ಲಿ ತಾವೂ ಉಂಡು ದಾರಿಹೋಕರಿಗೂ ಉಣಿಸುವುದು ಅವರ ಕಾಯಕವಾಗಿತ್ತು. ತಾಯಿಯವರ ಮಹಿಮೆಯನ್ನು ಬಾಯಿತುಂಬ ಹೇಳುವ ಭಕ್ತರು ಈ ಪ್ರಸಂಗಕ್ಕೆ ಬಂದಾಗ ಮಾತ್ರ ತಡವರಿಸುತ್ತಾರೆ. ಯಾಕೆ ತಡವರಿಸಬೇಕು? ನಡೆದದ್ದನ್ನು ನಡೆದಂತೆ ಹೇಳಿದರಾಯಿತು.

ತೆಂಕಣ ಸೀಮೆಯ ಕೆಂಪು ನೆಲದ ಹಳ್ಳಿಯೊಂದು ಹೊಸ ಜಲಾಶಯದಲ್ಲಿ ಮುಳುಗಿ, ಅಲ್ಲಿನ ಚಿಕ್ಕಹೊನ್ನಪ್ಪನೆಂಬ ರೈತನಿಗೆ ಹಿರೇಕೊಳ್ಳದ ಎರೆಭೂಮಿಯಲ್ಲಿ ಹೊಲ ಮಂಜೂರಾಗಿತ್ತು. ಹೆಂಡತಿ ಪುಟ್ಟತಾಯಮ್ಮ, ಎರಡು ಹೆಣ್ಣುಮಕ್ಕಳು, ಪಾತ್ರೆಪಡಗ, ಒಂದು ಚೀಲ ಬಿತ್ತನೆ ರಾಗಿ, ಇಷ್ಟನ್ನು ಎತ್ತಿನ ಗಾಡಿಗೇರಿಸಿ ಹದಿನಾಲ್ಕು ದಿನ ಪ್ರಯಾಣ ಮಾಡಿ ಬಂದಿದ್ದ. ಕೊನೆಯ ಎರಡು ದಿನ ಒಲೆ ಹೊತ್ತಿರಲಿಲ್ಲ. ಮಕ್ಕಳು ಹಸಿದು ಅತ್ತರೂ ಗಂಡಹೆಂಡಿರು ಆ ಚೀಲದ ಬಾಯಿ ಬಿಚ್ಚಿರಲಿಲ್ಲ. ಬೂದಿ ಬೆರೆಸಿ ಕಾಪಾಡಿದ ಬೀಜ ಅದು. ಅದು ಹೋದರೆ ಮುಂದಿನ ವರ್ಷದ ಅನ್ನವೇ ಹೋದಂತೆ.

ಊರವರು ಅವರನ್ನು ಕಂಡು ಮುಖ ತಿರುಗಿಸಿದರು. ಹೊನ್ನಪ್ಪನಿಗೆ ಸಿಕ್ಕಿದ್ದು ಅವರ ದನ ಮೇಯುತ್ತಿದ್ದ ಬಯಲು. ಇಂಥವರ ನಡುವೆ ಬೀಜ ಉಳಿದೀತೇ ಎಂದು ಹೆದರಿದ ಅವನು ಚೀಲವನ್ನು ತಂದು ಮಠದಲ್ಲಿಟ್ಟ.

"ಜೋಪಾನ ಕಣಮ್ಮೋ, ನಮ್ ಜೀವ ಇದ್ರಾಗೈತೆ" ಎಂದ.

ತಾಯಿಯವರು ಚೀಲವನ್ನೊಮ್ಮೆ, ಬಾಡಿದ ಮಕ್ಕಳನ್ನೊಮ್ಮೆ ನೋಡಿದರು. ಮಕ್ಕಳನ್ನು ಅಲ್ಲೇ ಬಿಟ್ಟು ಗಂಡಹೆಂಡಿರು ಹೊಲ ನೋಡಲು ಹೋದರು.

ಮಧ್ಯಾಹ್ನ ಹಿಂತಿರುಗುವಾಗ ದೂರದಿಂದಲೇ ಕಲ್ಲಿನ ಗುರುಗುರು ಕೇಳಿಸಿತು. ಒಳಗೆ ಕಾಲಿಟ್ಟ ಹೊನ್ನಪ್ಪ ನಿಂತಲ್ಲೇ ನಿಂತ. ಕಲ್ಲಿನ ಸುತ್ತ ಬೀಳುತ್ತಿದ್ದುದು ಜೋಳದ ಬಿಳಿ ಹಿಟ್ಟಲ್ಲ. ಪಕ್ಕದಲ್ಲಿ ಬೂದಿ ಕೇರಿದ ಮೊರವಿತ್ತು. ಚೀಲ ಅರ್ಧಕ್ಕರ್ಧ ಕುಸಿದಿತ್ತು.

ಕಳ್ಳರಿಗೆ ಹೆದರಿ ತಂದಿಟ್ಟ ಜಾಗದಲ್ಲೇ ಹೀಗಾದರೆ ಯಾರಿಗೆ ಹೇಳುವುದು?

"ಬಿತ್ನೆ ರಾಗಿನೇ ಬೀಸ್ಬುಟ್ಟೆಯಲ್ಲಮ್ಮಾ! ಹಸ್ಕಂಡಿದ್ರೂ ನನ್ ಮಕ್ಳಿಗೇ ಕೊಡ್ಲಿಲ್ಲ ಅದ್ನ! ನಿನ್ನ ಸನ್ಯಾಸಕ್ಕಿಷ್ಟು ಬೆಂಕಿ ಹಾಕ!" ಎಂದು ಚೀರಿದ. ಪುಟ್ಟತಾಯಮ್ಮ ಗೋಡೆಗೊರಗಿ ಕುಸಿದಳು.

ತಾಯಿಯವರು ಕಲ್ಲು ನಿಲ್ಲಿಸಲಿಲ್ಲ. "ಈ ನೆಲಕ್ಕ ಇದು ಬೀಜ ಅಲ್ಲ ತಮ್ಮಾ, ಊಟ" ಎಂದರು. ಪುಟ್ಟತಾಯಮ್ಮನ ಕಡೆ ತಿರುಗಿ, "ಏಳವ್ವಾ, ಮುದ್ದಿ ಮಾಡು. ಮಂದಿ ಬರ್ತಾರ" ಎಂದರು.

ಮಂದಿ ಬಂದೇ ಬಂದರು. ಹೊಸಬರ ಮನೆಯ ಊಟವೆಂದು ಗಂಡಹೆಂಡಿರು ಹೊಲಕ್ಕೆ ಹೋದ ಕೂಡಲೇ ತಾಯಿಯವರೇ ಮನೆಮನೆಗೆ ಹೋಗಿ ಕರೆದಿದ್ದರು. ತಾಯಿಯ ಕರೆಗೆ ಇಲ್ಲವೆನ್ನುವ ಎದೆ ಯಾರಿಗಿದೆ? ಗಂಟುಮುಖ ಹಾಕಿಕೊಂಡೇ ಹೊನ್ನಪ್ಪನ ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತರು. ರೊಟ್ಟಿ ಉಂಡು ಬೆಳೆದ ಆ ಜನ ಮುದ್ದೆಯನ್ನು ಅಗಿಯಹೋಗಿ ಹಲ್ಲಿಗೆ ಅಂಟಿಸಿಕೊಂಡು ಒದ್ದಾಡಿದರು.

"ಏನವ್ವಾ ಇದು, ಬಾಯಿ ಬಿಡಾಕ ಆಗವಲ್ದು!" ಎಂದ ಮುದುಕ ಫಕೀರಗೌಡ.

"ಅಗೀಬಾರ್ದು ತಾತಾ, ನುಂಗ್ಬೇಕು" ಎಂದಳು ಪುಟ್ಟತಾಯಮ್ಮ, ಕಣ್ಣೀರಿನಲ್ಲೇ ನಗು ಬಂದು. ಪಂಕ್ತಿಯೆಲ್ಲ ಗೊಳ್ಳೆಂದಿತು.

ಕೈ ತೊಳೆದ ಫಕೀರಗೌಡ ಹೊನ್ನಪ್ಪನ ಮುಂದೆ ನಿಂತ. "ಎರಿ ಹೊಲದಾಗ ಈ ಹೊತ್ತಿನ್ಯಾಗ ರಾಗಿ ಬಿತ್ತಿದ್ರ ಏನೂ ಕೈಗೆ ಹತ್ತಂಗಿಲ್ಲೋ ತಮ್ಮಾ. ಹಿಂಗಾರಿಗೆ ಇಲ್ಲಿ ಬಿಳಿಜ್ವಾಳನ ಬಿತ್ತಬೇಕು. ನಾಳೆ ಬಿತ್ತಾಕ ನನ್ನ ಕೂರಿಗಿ ತರ್ತೀನಿ" ಎಂದ. ಹೊನ್ನಪ್ಪನಿಗೆ ಹೊಸ ಚಿಂತೆ ಹತ್ತಿತು. ಜೋಳದ ಬೀಜ ಎಲ್ಲಿಂದ ತರುವುದು?

ಅಷ್ಟರಲ್ಲಿ ಹೆಂಗಸರು ಮನೆಗೆ ಹೋಗಿ ಮೊರ ಹಿಡಿದು ಬಂದರು. ಉಂಡ ಮನೆಯ ಹೆಣ್ಣುಮಗಳ ಉಡಿಯನ್ನು ಬರಿದು ಬಿಟ್ಟು ಹೋಗುವ ಪದ್ಧತಿ ಆ ಊರಲ್ಲಿಲ್ಲ. ಪುಟ್ಟತಾಯಮ್ಮನನ್ನು ಮಣೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಹಚ್ಚಿ, ಅವಳ ಸೆರಗಿಗೆ ಜೋಳ ಸುರಿದರು. ನೆಲದೊಳಗಿನ ಹಗೇವಿನಿಂದ ತೆಗೆದ ಊಟದ ಜೋಳವಲ್ಲ, ತೆನೆ ಆರಿಸಿ ಇಟ್ಟುಕೊಂಡ ಬಿತ್ತನೆಯ ಜೋಳ. ಐದನೆಯವಳ ಹೊತ್ತಿಗೆ ಸೆರಗು ಹಿಡಿಯದೆ ಕಂಬಳಿ ಹಾಸಬೇಕಾಯಿತು. "ಇನ್ನ ಈಕಿ ನಮ್ಮೂರ ಮಗಳು" ಎಂದಳು ಗೌಡನ ಹೆಂಡತಿ.

ಬೆಳಿಗ್ಗೆ ಹೊನ್ನಪ್ಪ ಕಳ್ಳರೆಂದು ಹೆದರಿದ್ದ ಜನ ಇವರೇ. ಊಟಕ್ಕೆ ಮುಂಚೆ ಬೆಂಕಿ ಹಾಕ ಎಂದು ಬೈದದ್ದು ಈ ತಾಯಿಯನ್ನೇ.

ಆಗ ತಾಯಿಯವರು ಕಲ್ಲು ನಿಲ್ಲಿಸಿ, ಅರ್ಧ ಉಳಿದ ಚೀಲವನ್ನು ಅವನತ್ತ ಸರಿಸಿದರು. "ಉಳಿದದ್ದು ನಿಂದು. ತಗೋ."

ಹೊರಗೆ ಆ ಬಯಲಿನ ದನಗಾಹಿಗಳು, ಹೊನ್ನಪ್ಪನಿಂದ ಮೇವು ಕಳೆದುಕೊಂಡವರು, ಎಲ್ಲರಿಗಿಂತ ತಡವಾಗಿ ಬಂದು ನಿಂತಿದ್ದರು. ಹೊನ್ನಪ್ಪ ಅವರನ್ನು ನೋಡಿದ, ಚೀಲವನ್ನು ನೋಡಿದ. ತಾಯಿಯವರ ಪಾದಕ್ಕೆ ಹಣೆ ಹಚ್ಚಿ ಎದ್ದು, "ಉಣ್ಣದೋರು ಇನ್ನೂ ಅವ್ರೆ. ಒಸಿ ಸರ್ಕೊಳ್ಳಿ ತಾಯಿ" ಎಂದು ಕಲ್ಲಿನ ಮುಂದೆ ಕೂತ.

ಗಂಡಸು ಬೀಸುವುದನ್ನು ಹಿರೇಕೊಳ್ಳ ಅಂದೇ ಮೊದಲು ಕಂಡಿದ್ದು. ಅವನು ಹಿಡಿಹಿಡಿಯಾಗಿ ತನ್ನ ಊರಿನ ರಾಗಿಯನ್ನು ಕಲ್ಲಿಗೆ ಹಾಕುತ್ತಲೇ ಹೋದ. ಕಲ್ಲು ನಿಂತದ್ದು ಚೀಲ ಬರಿದಾದ ಮೇಲೆಯೇ.