ಟವಲ್ ಎತ್ತುವ ತನಕ

ಹೊಳೆಯ ಈಚೆ ದಂಡೆಗೆ ಕೊಟ್ರಯ್ಯಜ್ಜಾರ ಮಠ. ಮಠ ಅಂದರೆ ಎರಡು ಅಂಕಣದ ಮನೆ, ಒಂದು ಬೇವಿನ ಗಿಡ, ಅಷ್ಟೇ.

ಅಜ್ಜಾರು ಅಲ್ಲಿ ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದರು. ಪುಸ್ತಕದ ಅಕ್ಷರ ಅಲ್ಲ. ಅಂಗಡಿ ಬೋರ್ಡಿನ ಮೇಲೆ, ಲಗ್ನಪತ್ರಿಕೆಯ ಮೇಲೆ ಕೂತು ಜನರನ್ನು ಕರೆಯುವ ಅಕ್ಷರ.

ಅವರ ಶಿಷ್ಯೆ ಹುಲಿಗೆಮ್ಮ. ಕೈ ಚಲೋ, ಎದೆ ಪುಕ್ಕಲು.

ಹುಲಿಗೆಮ್ಮ ಫೋನಿನೊಳಗಿನ ಸಂತೆಯಲ್ಲಿ, ಅಂದರೆ ಕೆಲಸ ಕೊಡುವವರನ್ನೂ ಮಾಡುವವರನ್ನೂ ಕೂಡಿಸುವ ಆ್ಯಪಿನಲ್ಲಿ, ಒಂದು ಕೆಲಸ ಹಿಡಿದಿದ್ದಳು. ಮುಖ ಕಾಣದ ಯಾರೋ ದೂರದವನು, ತನ್ನ ಖಾನಾವಳಿಯ ಹೆಸರು ಬರೆದುಕೊಡು ಅಂದಿದ್ದ. ಐದು ಸಾವಿರ. ಆ ದುಡ್ಡನ್ನು ಸಂತೆಯವರು ಅವನಿಂದ ಮೊದಲೇ ಇಸಿದುಕೊಂಡು ತಮ್ಮಲ್ಲಿ ಇಟ್ಟಿದ್ದರು. ಅವನು "ಕೆಲಸ ಮುಟ್ಟಿತು" ಅಂತ ಒತ್ತಿದರೆ ಇವಳಿಗೆ.

ಅವನು ಒತ್ತಲೇ ಇಲ್ಲ.

"ಎಷ್ಟು ಸಲ ಬರೆದುಕೊಟ್ಟಿ?" ಅಂತ ಅಜ್ಜಾರು ಕೇಳಿದರು.

"ಹನ್ನೊಂದು ಸಲ ಅಜ್ಜಾರ. ಒಮ್ಮೆ ದಪ್ಪ ಆತು ಅಂತಾನ, ಒಮ್ಮೆ ತೆಳ್ಳಗಾತು ಅಂತಾನ. ನಿನ್ನೆ, ಅಕ್ಷರ ನಗವಲ್ವು ಅಂದ."

"ಮೊದಲಿಗೆ ಏನು ಬೇಕಂದಿದ್ದ?"

"ಚೆಂದಾಗಿ ಬರೀರಿ ಅಂದಿದ್ದ. ನಾನೂ ಹ್ಞೂಂ ಅಂದೆ."

ಅಜ್ಜಾರು ಕುಂಚ ತೊಳೆಯತೊಡಗಿದರು.

"ಇವತ್ತು ಬ್ಯಾರೆ ಮಾತು ಶುರು ಮಾಡ್ಯಾನ. ಸಂತೆಯಾಗಿನದು ರದ್ದು ಮಾಡು, ಹನ್ನೆರಡನೇದು ಸೀದಾ ನನಗ ಕಳಸು, ಆರು ಸಾವಿರ ನಿನ್ನ ಕೈಗೇ ಹಾಕ್ತೀನಿ, ಸಂತೆಯವರ ಪಾಲೂ ಉಳೀತೈತಿ ಅಂತಾನ." ಅವಳು ಫೋನನ್ನು ಅಜ್ಜಾರ ಮುಂದೆ ಹಿಡಿದಳು. "ಸೋಮವಾರ ಅಣ್ಣ ಬರ್ತಾನ ಅಜ್ಜಾರ. ಈ ಸಲ ದುಡಿಮೆ ತೋರಿಸದಿದ್ರ ಕುಂಚ ಇಟ್ಟು ಗಾರ್ಮೆಂಟ್ಸಿಗೆ ಹೋಗಬೇಕಂತ ಮಾತಾಗೇತಿ. ಕಳಸಿಬಿಡ್ಲೇನು?"

"ಮಸಿ ಮುಗಿದೈತಿ," ಅಂದರು ಅಜ್ಜಾರು. "ನಡಿ, ಪ್ಯಾಟಿಗೆ ಹೋಗಿ ಬರೋಣು."

ಮಸಿ ತಗೊಂಡು ತಿರುಗಿ ಬರುವಾಗ ಆಚೆ ದಂಡೆಯಲ್ಲಿ ದುರಗಪ್ಪನ ಹರಿಗೋಲು ನಿಂತಿತ್ತು. ಆ ಕಡವಿನಲ್ಲಿ ಒಂದು ಪದ್ಧತಿ. ಹತ್ತುವವರು ಬಾಡಿಗೆಯನ್ನು ಚಹದಂಗಡಿ ಹನುಮವ್ವನ ಹತ್ತಿರ ಇಡಬೇಕು, ಎಲ್ಲಿ ಇಳಿಯುವುದು ಅಂತ ಹೇಳಬೇಕು. ಅವಳು ಅದನ್ನು ಇಬ್ಬರಿಗೂ ಕೇಳುವ ಹಾಗೆ ಕೂಗುತ್ತಾಳೆ. ಈಚೆ ದಂಡೆಯಲ್ಲಿ ಇಳಿದವರು ಅವಳಿಗೆ ಕಾಣುವ ಹಾಗೆ ಟವಲ್ ಎತ್ತಿ ಬೀಸಿದರೆ ದುಡ್ಡು ದುರಗಪ್ಪನದು.

"ಅಜ್ಜಾರು, ಹುಲಿಗಿ! ಒಗೆಯೋ ಬಂಡೆ! ಇಪ್ಪತ್ತು ರೂಪಾಯಿ!" ಹನುಮವ್ವ ಕೂಗಿದಳು.

ಹರಿಗೋಲು ನಡುಹೊಳೆಗೆ ಬಂತು.

"ದುರಗಪ್ಪ," ಅಂದರು ಅಜ್ಜಾರು, "ಮೂವತ್ತು ನಿನ್ನ ಕೈಗೇ ಕೊಡ್ತೀನಿ. ಹನುಮವ್ವನ ಹತ್ರ ಇಟ್ಟದ್ದು ನಾನು ವಾಪಸ್ ಇಸ್ಕೋತೀನಿ. ಹೆಂಗ?"

"ಯಾಕ್ರೀ ಅಜ್ಜಾರ, ಮುಳುಗಿಸ್ಬೇಕಂತ ಮಾಡೀರೇನು ನನ್ನ?"

"ಆಕಿ ಎರಡು ರೂಪಾಯಿ ಮುರ್ಕೋತಾಳಲ್ಲೋ."

"ಮುರ್ಕೊಳ್ಳಲಿ ಬಿಡ್ರಿ. ಅದು ಆಕಿ ಕಣ್ಣಿನ ಕೂಲಿ."

"ಮಠದ ಅಜ್ಜನ್ನ ನಂಬೂದಿಲ್ಲೇನು?"

"ನಂಬ್ತೀನ್ರಿ. ಆ ನಂಬಿಕಿ ಉಳೀಲಿ ಅಂತನ ಆಕಿ ಹತ್ರ ಇಡ್ರಿ ಅನ್ನೋದು."

ಅಜ್ಜಾರು ಗಡ್ಡ ನೀವಿಕೊಂಡರು. "ಹಂಗಾದ್ರ ಬಂಡೆ ಬ್ಯಾಡ, ಮೇಲಿನ ಮೆಟ್ಟಿಲಿಗೆ ಬಿಡು."

"ಒಮ್ಮೆ ಆದ್ರ ತಿರುಗಿಸ್ತೀನಿ. ಮತ್ತ ಬ್ಯಾರೆ ಕಡೆ ಅಂದ್ರೋ, ಹೊಳ್ಳಿ ಆ ದಂಡಿಗೆ ಹೋಗಿ ಹನುಮವ್ವನ ಮುಂದ ಹೊಸದಾಗಿ ಹೇಳಿ ಬರೋಣು."

ಹುಲಿಗೆಮ್ಮ ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. "ಯಾರಾದ್ರೂ ಟವಲ್ ಎತ್ತದೇ ಹೋದ್ರ, ಕಾಕಾ?"

"ಹೇಳಿದ ಬಂಡೆ ಮ್ಯಾಲೆ ನಾನೇ ನಿಂದರ್ತೀನಿ. ಹನುಮವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡ್ತಾಳ. ಹೇಳಿದ ಜಾಗದಾಗ ಅದೀನಿ ಅಂದ್ರ ಕೊಡ್ತಾಳ."

"ಇಳಿಯೋ ಜಾಗ ಮೊದಲ ಹೇಳೇ ಇಲ್ಲದಿದ್ರ?"

ದುರಗಪ್ಪ ಹುಟ್ಟು ಹಾಕುವುದನ್ನೇ ನಿಲ್ಲಿಸಿದ. "ಹಂಗ ಯಾರು ಹತ್ತಿಸ್ಕೋತಾರವ್ವಾ?"

ಚೆಂದಾಗಿ ಬರೀರಿ ಅಂದದ್ದಕ್ಕೆ ತಾನು ಹ್ಞೂಂ ಅಂದದ್ದು ಅವಳಿಗೆ ನೆನಪಾಯಿತು.

ದಂಡೆ ಮುಟ್ಟಿದ ಕೂಡಲೇ ಅಜ್ಜಾರು ಟವಲ್ ಬೀಸಿದರು, ಹುಲಿಗೆಮ್ಮ ಫೋನು ತೆಗೆದಳು. ಸಂತೆಯೊಳಗೇ ಬರೆದಳು: ಇಂಥ ದಿನ ಇದು ಕೇಳಿದಿರಿ, ಇದು ಕೊಟ್ಟೆ. ಹನ್ನೊಂದರಲ್ಲಿ ಒಂದನ್ನು ಆರಿಸಿಕೊಳ್ಳಿ. ಹನ್ನೆರಡನೆಯದು ಬೇಕಾದರೆ ಹೊಸ ಕೆಲಸ.

ಅವನು ಸಿಟ್ಟಾದ. ಸಂತೆಯವರಿಗೆ ದೂರು ಕೊಟ್ಟ. ಮೂರು ದಿನದಲ್ಲಿ ನೋಡಿ ಹೇಳುತ್ತೇವೆ ಅಂದರು ಅವರು.

ಮೂರು ದಿನ ಹುಲಿಗೆಮ್ಮ ಉಂಡದ್ದು ಮೈಗೆ ಹತ್ತಲಿಲ್ಲ. ನೀರಿಗೆ ಹೋದರೂ ಫೋನು, ಕಸ ಗುಡಿಸಿದರೂ ಫೋನು. ಎಳೆದ ಗೆರೆಯೆಲ್ಲ ಸೊಟ್ಟ.

"ದುಡ್ಡು ಬರ್ತೈತೇನ್ರಿ ಅಜ್ಜಾರ?"

ಅಜ್ಜಾರು ಹಲಗೆಯೊಂದನ್ನು ಅವಳ ಮುಂದಿಟ್ಟರು. "ಬರಿ."

"ಏನು ಬರೀಲಿ? ಎಷ್ಟು ದೊಡ್ಡದು? ಯಾವ ಬಣ್ಣ?"

"ಇದನ್ನ ಅವನಿಗೆ ಕೇಳೀಯೇನು?"

"ಇಲ್ಲ ಅಜ್ಜಾರ," ಅಂದಳು ಹುಲಿಗೆಮ್ಮ.

ಭಾನುವಾರ ಲಗ್ನಪತ್ರಿಕೆಯ ಹೊಸ ಕೆಲಸವೊಂದು ಬಂತು. ಹ್ಞೂಂ ಅನ್ನಲು ಬೆರಳು ಓಡಿತು. ತಡೆದಳು. ಯಾವ ಅಕ್ಷರ, ಎಷ್ಟಗಲ, ಯಾವತ್ತಿಗೆ ಬೇಕು, ಎಷ್ಟು ಸಲ ತಿದ್ದಿಕೊಡಬೇಕು, ಎಲ್ಲ ಕೇಳಿದಳು. ಇಷ್ಟು ಕೇಳಿದರೆ ಅವರು ಓಡಿಹೋಗುತ್ತಾರೇನೋ ಅಂತ ಹೆದರಿದಳು. ಅವರು ಓಡಲಿಲ್ಲ. ಎರಡು ಸಲ ತಿದ್ದಿದರೆ ಸಾಕು ಅಂತ ಬರೆದು, ದುಡ್ಡನ್ನು ಸಂತೆಯವರ ಹತ್ತಿರ ಇಟ್ಟರು.

ಸೋಮವಾರ ಬೆಳಿಗ್ಗೆ ಫೋನು ಗುಂಯ್ ಅಂದಿತು. ಏನು ಬೇಕಿತ್ತೆಂದು ಮೊದಲು ಯಾರೂ ಬರೆದಿಲ್ಲ, ಆದರೆ ಕೆಲಸ ಕೊಟ್ಟದ್ದು ಕಾಣುತ್ತಿದೆ, ಆದ್ದರಿಂದ ಇವಳಿಗೆ ಅರ್ಧ ಅಂತ ಸಂತೆಯವರು ತೀರ್ಪು ಕೊಟ್ಟಿದ್ದರು.

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಣ್ಣ ಯಮನೂರಪ್ಪ ಹರಿಗೋಲಿನಿಂದ ಬಂಡೆಗೆ ಜಿಗಿದು, ದಡದಡ ಮೇಲೆ ಬಂದೇಬಿಟ್ಟ.

"ಬಂತೇನು ದುಡ್ಡು?"

"ಅರ್ಧ ಬಂತಣ್ಣ."

"ಅರ್ಧ! ಗಂಟು ಕಟ್ಟು, ನಡಿ."

ಅವಳು ಫೋನಿನಲ್ಲಿ ಹೊಸ ಕೆಲಸದ ಮಾತುಕತೆ ತೋರಿಸಿದಳು. ಅಣ್ಣ ತುಟಿ ಅಲ್ಲಾಡಿಸುತ್ತಾ ಓದಿದ. ಇನ್ನೊಮ್ಮೆ ಓದಿದ.

"ಇದನ್ನೆಲ್ಲ ನೀನ ಕೇಳಿದೇನು? ಬಾಯೇ ಇರಲಿಲ್ಲಲ್ಲೇ ನಿನಗ!"

"ಕೇಳಿದೆ."

ಅವನು ಬೇವಿನ ಬುಡಕ್ಕೆ ಕೂತ. "ಆತು, ಇನ್ನೊಂದು ತಿಂಗಳು ನೋಡೋಣು. ಆದ್ರ ಎಂಥ ಮಂದಿ ಇರ್ತಾರ ನೋಡ್ರೀ ಅಜ್ಜಾರ! ಕೆಲಸ ಮಾಡಿಸ್ಕೊಂಡು, ಮುಟ್ಟಿತು ಅನ್ನಾಕ ಏನು ಧಾಡಿ?"

ಅಜ್ಜಾರು ಹೊಳೆಯ ಕಡೆ ಕೈ ತೋರಿಸಿದರು.

"ಟವಲ್ ಎತ್ತಪ್ಪಾ ಯಮನೂರ. ದುರಗಪ್ಪ ಆಗಿಂದ ಬಂಡೆ ಮ್ಯಾಲೆ ನಿಂತಾನ."