ಬೆಂಚು, ಕಪಾಟು, ದಾಕ್ಷಾಯಿಣಿ

ಹೋಬಳಿ ಹೈಸ್ಕೂಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ದಾಕ್ಷಾಯಿಣಿಗೆ ಸಾಕುಸಾಕಾಗಿ ಹೋಗಿತ್ತು. ಯಾವ ಮೇಷ್ಟ್ರು ರಜೆ ಹಾಕಿದರೂ ಅವರ ತರಗತಿಗೆ ಇವಳೇ ಹೋಗಬೇಕು. ಓದಲು ತಡವರಿಸುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವವಳೂ ಇವಳೇ. ಹಾಗಾದರೆ ನನ್ನನ್ನೂ ಶಿಕ್ಷಕಿ ಅಂತ ಸೇರಿಸಿ ಎಂದರೆ ಬಿಇಒ ಸಾಹೇಬರು ನಗುತ್ತಿದ್ದರು.

"ನಿನ್ನ ಸಂಬಳ ಬರೋದು ಪೀಠೋಪಕರಣದ ಬಾಬ್ತಿನಲ್ಲಿ ಕಣಮ್ಮ. ಬೆಂಚು, ಕಪಾಟು, ಆಮೇಲೆ ನೀನು. ಟೀಚರ್ ಹೇಗಾಗ್ತೀಯ?"

ಒಂದು ದಿನ ಇಲಾಖೆಯ ನಿರ್ದೇಶಕರು ತಪಾಸಣೆಗೆ ಬಂದರು. ಕನ್ನಡ ಮೇಷ್ಟ್ರು ಅವತ್ತೇ ಗಣತಿ ಕೆಲಸಕ್ಕೆ ಹೋಗಿದ್ದರು. ಅವರ ಜೊತೆ ಬಂದಿದ್ದ ಬಿಇಒ ಲೈಬ್ರರಿಗೆ ಓಡಿಬಂದು, "ಎಂಟನೇ ತರಗತಿಗೆ ನಡಿಯಮ್ಮ, ಬೇಗ" ಎಂದರು.

ದಾಕ್ಷಾಯಿಣಿ ಹೋದಳು. ಹೋಗಿ ಹಿಂದಿನ ಗೋಡೆಗೊರಗಿ ಸುಮ್ಮನೆ ನಿಂತಳು. ನಿರ್ದೇಶಕರು ಒಳಗೆ ಬಂದು ಕಾದರು. ಮಕ್ಕಳೂ ಕಾದರು.

"ಪಾಠ ಶುರು ಮಾಡಮ್ಮ" ಎಂದು ಬಿಇಒ ಹಲ್ಲು ಕಚ್ಚಿಕೊಂಡು ಹೇಳಿದರು.

"ಮಾಡಬಹುದಿತ್ತು ಸಾರ್. ಆದರೆ ಪೀಠೋಪಕರಣ ಪಾಠ ಮಾಡಿದರೆ ಆಡಿಟ್‌ನವರು ನಿಮ್ಮನ್ನೇ ಹಿಡೀತಾರೆ."

ನಿರ್ದೇಶಕರು ವಿಷಯ ಕೇಳಿ ತಿಳಿದುಕೊಂಡರು. ಆಮೇಲೆ ಸೀಮೆಸುಣ್ಣವನ್ನು ಬಿಇಒ ಕೈಗಿಟ್ಟು, "ಹಾಗಿದ್ರೆ ನೀವೇ ಮಾಡ್ರೀ" ಎಂದರು.

ಬಿಇಒ ಪದ್ಯ ಓದತೊಡಗಿದರು. ಮುಂದಿನ ಸಾಲಿನವರು ಕಿಸಕ್ಕನೆ ನಕ್ಕರು, ಹಿಂದಿನವರು ಮಾತಿಗೆ ಕೂತರು. ಗದರಿದಷ್ಟೂ ಗದ್ದಲ ಹೆಚ್ಚಿತು. ಅವರು ಬೆವರು ಒರೆಸಿಕೊಳ್ಳುತ್ತ ಹಿಂದಿನ ಗೋಡೆಯ ಕಡೆ ನೋಡಿದರು.

"ಟೀಚರ್, ಸ್ವಲ್ಪ ಬನ್ನಿ."

"ಯಾರನ್ನ ಕರೆದಿರಿ ಸಾರ್?"

"ನಿಮ್ಮನ್ನೇ, ಟೀಚರ್."

"ಅದನ್ನೇ ಈ ದೊಡ್ಡ ಸಾಹೇಬರ ಎದುರಿಗೆ ಬರೆದುಕೊಟ್ಟುಬಿಡಿ. ಅಷ್ಟರಲ್ಲಿ ನಾನು ಬೋರ್ಡು ಒರೆಸಿರ್ತೀನಿ."

ನಿರ್ದೇಶಕರು ಜೇಬಿನಿಂದ ತಮ್ಮ ಪೆನ್ನು ತೆಗೆದು ಬಿಇಒ ಮುಂದೆ ಹಿಡಿದರು.