ನೀರು ಮುಟ್ಟದ ಮುದುಕ

ಹೊಳೆದಂಡೆಯ ಮಠದಲ್ಲಿ ಜಡ್ಡಾದವರಿಗೆಂದೇ ಒಂದು ಪಡಸಾಲೆ ಇತ್ತು. ಅಲ್ಲಿಯ ಸೇವೆ ಶಿಷ್ಯ ಅಡಿವೆಪ್ಪನದು. ಕೆಲಸದಲ್ಲಿ ಹುಲಿ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಈಚೆಗೆ ಆ ಸಿಟ್ಟೆಲ್ಲ ನೇಕಾರ ಈರಸಂಗಪ್ಪನ ಮೇಲೆ. ಮುದುಕನಿಗೆ ಮೂತ್ರದ ಸೋಂಕು, ಚಳಿಜ್ವರ, ಎದ್ದು ನಿಲ್ಲುವ ತ್ರಾಣವಿಲ್ಲ. ಚೆನ್ನಾಗಿ ನೀರು ಕುಡಿಯಬೇಕು, ಇಲ್ಲದಿದ್ದರೆ ಕಿಡ್ನಿಗೇ ಕುತ್ತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಹೋಗಿದ್ದರು. ಈ ಪುಣ್ಯಾತ್ಮ ತುಟಿಯನ್ನೇ ತೆರೆಯಲೊಲ್ಲ!

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಡಿವೆಪ್ಪ ಬುಸುಗುಡುತ್ತ ಅವರ ಮುಂದೆ ಹೋಗಿ ನಿಂತ.

“ಅಜ್ಜಾರ, ನೀರು ಕಾಸಿ ಆರಿಸಿ ಕೊಡ್ತೀನ್ರಿ. ಹಾಸಿಗಿ ಬದಲ ಮಾಡ್ತೀನಿ, ಮೈ ಒರಸ್ತೀನಿ. ಏನು ಕಡಿಮಿ ಮಾಡೀನಿ ಹೇಳ್ರಿ? ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆಗೇತಿ. ಸಾಯಬೇಕಂತ ಹಟ ಹಿಡದಾನ್ರಿ ಅಂವ!”

ಅಜ್ಜಾರು ಎದ್ದು ಬಂದು ಮುದುಕನ ಕಾಲ ಬಳಿ ಕೂತರು.

ಸ್ವಲ್ಪ ಹೊತ್ತಿಗೆ ಈರಸಂಗಪ್ಪ ಅತ್ತಿತ್ತ ಹೊರಳಾಡಿ, “ತಮ್ಮಾ, ಒಂದಕ್ಕ ಬಂದೇತಿ” ಎಂದು ಪಿಸುಗುಟ್ಟಿದ.

“ಈಗಿನ್ನ ಆತಲ್ಲ ಕಾಕಾ!” ಅಡಿವೆಪ್ಪ ಟವೆಲ್ಲನ್ನು ಮೂಗಿಗೆ ಬಿಗಿದುಕೊಂಡ. ಮುಖ ಆ ಕಡೆ ತಿರುವಿ ಪಾತ್ರೆ ಹಿಡಿದ.

ಮುದುಕ ಕಣ್ಣು ಮುಚ್ಚಿಕೊಂಡ.

ಅಜ್ಜಾರು ಹೊರಗೆ ಬಂದು, ದೊಡ್ಡ ಚರಿಗೆಯಲ್ಲಿ ನೀರು ತುಂಬಿ ಶಿಷ್ಯನ ಕೈಗಿಟ್ಟರು.

“ಕುಡಿ.”

“ಜಡ್ಡು ನನಗಲ್ರೀ ಅಜ್ಜಾರ!”

“ಕುಡಿ ಅಂದ್ರ ಕುಡಿ.”

ಕುಡಿದ. ಮತ್ತೆ ತುಂಬಿ ಕೊಟ್ಟರು. ಅದನ್ನೂ ಕುಡಿದ.

“ಈಗ ಪ್ರವಚನಕ್ಕ ನನ್ನ ಮುಂದ ಬಂದು ಕೂಡು. ಏಳಬೇಕಾದ್ರ ನನ್ನ ಕೇಳಿ ಏಳು.”

ಪ್ರವಚನ ಅರ್ಧಕ್ಕೆ ಬರುವಷ್ಟರಲ್ಲಿ ಅಡಿವೆಪ್ಪ ಕಾಲು ಮಡಚಿದ, ಚಾಚಿದ, ಹಲ್ಲು ಕಚ್ಚಿದ. ಇನ್ನು ತಡೆಯಲಾಗದು ಎನಿಸಿದಾಗ ಕಿರುಬೆರಳು ಎತ್ತಿದ.

ಅಜ್ಜಾರು ಮಾತು ನಿಲ್ಲಿಸಿದರು. ಶಾಲಿನ ಅಂಚನ್ನು ಮೂಗಿಗೆ ಹಿಡಿದು, ಸಭೆಗೆಲ್ಲ ಕೇಳುವಂತೆ, “ಶುರುವಾತು ನೋಡ್ರಪಾ ಇವನ ಕಾಟ! ಹೋಗು, ತೊಲಗು” ಎಂದರು.

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಡಿವೆಪ್ಪನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಮಂದಿ ಚದುರಿದ್ದೇ ತಡ, ಗುರುಗಳು ಎಂಬುದನ್ನೂ ಮರೆತು ಎದುರಿಗೆ ನಿಂತ.

“ನಾಯಿಗೂ ಹಿಂಗ ಮಾಡಬಾರದ್ರಿ! ನಾ ಏನು ತಪ್ಪು ಮಾಡಿದ್ದೆ? ಒಂದಕ್ಕ ಬರೋದು ನನ್ನ ಕೈಯಾಗ ಐತೇನು? ನೀವು ಕೊಟ್ಟ ನೀರು ಇನ್ನ ಒಂದು ಹನಿ ಮುಟ್ಟಿದ್ರ ಕೇಳ್ರಿ!”

ಸಿಟ್ಟಿನ ಭರದಲ್ಲಿ ಆಡಿದ ಮಾತು ಅವನ ಕಿವಿಗೇ ಬಿತ್ತು.

ಅಜ್ಜಾರ ಕಣ್ಣು ಕೆಂಪಗಾಗಿದ್ದವು. ದನಿ ಸಿಟ್ಟಿಗೆ ನಡುಗುತ್ತಿತ್ತು.

“ನಿನಗರ ಎದ್ದು ಹೋಗಾಕ ಕಾಲು ಅದಾವಲೇ. ಅಂವ ನಿನ್ನ ಮಾರಿ ನೋಡೇ ಕುಡೀಬೇಕು.”